ಊರಿಗೆ ನಾನೇನಾಗಬೇಕು

ಕೋಲಾರದ ಹುತ್ತೂರು ಸೀಮೆಯ ಹಳ್ಳಿಗಳಲ್ಲಿ ಬೆಳಕು ಹರಿಯುವ ಮೊದಲೇ ಹಾಲಿನ ಡೇರಿಯ ಮುಂದೆ ಕ್ಯಾನುಗಳು ಸಾಲುಗಟ್ಟುತ್ತವೆ. ಸಾಲಿನಲ್ಲಿ ನಿಂತವರಲ್ಲಿ ಹೈಸ್ಕೂಲು, ಪಿಯುಸಿ ಓದುವ ಮಕ್ಕಳೂ ಇರುತ್ತಾರೆ. ಸ್ವೆಟರಿನ ತೋಳನ್ನು ಬೆರಳ ತುದಿಯವರೆಗೂ ಎಳೆದುಕೊಂಡು, ಕಣ್ಣಲ್ಲಿ ಇನ್ನೂ ನಿದ್ದೆ ಇಟ್ಟುಕೊಂಡು ನಿಂತ ಹುಡುಗಿಯೊಬ್ಬಳ ಸರದಿ ಬರುತ್ತದೆ. ಕಾರ್ಯದರ್ಶಿ ಆಕೆಯ ಕ್ಯಾನಿನಿಂದ ಒಂದಿಷ್ಟು ಹಾಲು ತೆಗೆದು ಯಂತ್ರಕ್ಕೆ ಹಿಡಿಯುತ್ತಾರೆ. ಕೆಂಪು ಅಂಕೆಗಳು ಮೂಡುತ್ತವೆ. ಫ್ಯಾಟು ನಾಲ್ಕು ಪಾಯಿಂಟ್ ಒಂದು. ನಿನ್ನೆಗಿಂತ ಜಾಸ್ತಿ. ಆಗ ಆ ಹುಡುಗಿಯ ಮುಖ ನೋಡಬೇಕು. ಹಿಂಡಿ ನೆನೆಸಿದ್ದು, ಹುಲ್ಲು ಕೊಯ್ದು ತಂದದ್ದು, ಕೆಚ್ಚಲು ತೊಳೆದದ್ದು ಎಲ್ಲ ಆಕೆಯೇ. ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು, ಖಾಲಿ ಕ್ಯಾನನ್ನು ಬೀಸುತ್ತಾ ಹೋಗುವ ನಡಿಗೆಯಲ್ಲಿ ಒಂದು ಗತ್ತು ಇರುತ್ತದೆ.

ಮೂರು ಗಂಟೆ ಕಳೆದರೆ ಅದೇ ಹುಡುಗಿ ತರಗತಿಯಲ್ಲಿ ತಲೆ ತಗ್ಗಿಸಿ ಕೂತಿರುತ್ತಾಳೆ. ಅಲ್ಲಿಯೂ ಒಂದು ಅಂಕ ಕಾಯುತ್ತಿರುತ್ತದೆ, ಗಣಿತದ ಕಿರುಪರೀಕ್ಷೆಯದ್ದು. ಡೇರಿಯ ಅಂಕ ಕಡಿಮೆಯಾದರೆ ಹಸುವಿನ ಮೇವು ನೋಡುತ್ತೇವೆ, ನೀರು ನೋಡುತ್ತೇವೆ, ಡಾಕ್ಟರನ್ನು ಕರೆಸುತ್ತೇವೆ. ಶಾಲೆಯ ಅಂಕ ಕಡಿಮೆಯಾದರೆ ಮಗುವನ್ನು ಬೈಯುತ್ತೇವೆ.

ಕೋಲಾರದ ಹಳ್ಳಿಯ ಹದಿಹರೆಯದ ಮಕ್ಕಳ ತಲೆಯ ಮೇಲೆ ಏನೇನು ಕೂತಿದೆ ಎಂದು ಒಂದು ಬೆಳಗು ಸಾವಧಾನವಾಗಿ ಯೋಚಿಸಿ ನೋಡಿ. ಅಪ್ಪ ಸಾಲ ಮಾಡಿ ಸಾವಿರದ ಮೇಲೆ ಇನ್ನೆಷ್ಟೋ ಅಡಿ ಕೊರೆಸಿದ ಬೋರ್‌ವೆಲ್ಲಿನಲ್ಲಿ ದೂಳು ಬಂದದ್ದು ಮಗನಿಗೆ ಗೊತ್ತು. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿಯ ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ಇನ್ನೊಂದು ಹಂಗಾಮಿನಲ್ಲಿ ಅದೇ ಹಣ್ಣು ರಸ್ತೆ ಬದಿಗೆ ಬೀಳುತ್ತದೆ. ಈ ಏರಿಳಿತ ಮನೆಯ ಊಟದ ಹೊತ್ತಿನ ಮಾತಿನಲ್ಲಿ, ಅಮ್ಮನ ಮೌನದಲ್ಲಿ ಮಕ್ಕಳಿಗೆ ತಲುಪುತ್ತದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪಿಯುಸಿ ಸೈನ್ಸ್ ಸೇರಿದ ದಿನದಿಂದ ಇಂಗ್ಲಿಷು. ನರಸಾಪುರ, ವೇಮಗಲ್ಲಿನ ಕಾರ್ಖಾನೆಗಳ ಬಸ್ಸು ನಸುಕಿನಲ್ಲೇ ಊರ ಗೇಟಿಗೆ ಬಂದು ಅಕ್ಕನನ್ನು ಹತ್ತಿಸಿಕೊಂಡು ಹೋಗುತ್ತದೆ. ತಂಗಿಗೆ ಅದು ದಾರಿಯೂ ಹೌದು, ದಿಗಿಲೂ ಹೌದು. ಇನ್ನು ಎಸ್‌ಎಸ್‌ಎಲ್‌ಸಿ. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89 ಇತ್ತು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕದ ಮಿತಿಯನ್ನು ಹೆಚ್ಚಿಸಿದ ಮೇಲೆ. ನಕಲು ನಿಂತದ್ದು ಒಳ್ಳೆಯದೇ. ಆದರೆ ಒಂಬತ್ತು ವರ್ಷ ಸರಿಯಾಗಿ ಕಲಿಸದೆ ಹತ್ತನೆಯ ವರ್ಷ ಕ್ಯಾಮೆರಾ ತಂದಿಟ್ಟರೆ ಸಿಕ್ಕಿಬೀಳುವುದು ಯಾರು? ಹದಿನೈದು ವರ್ಷದ ಮಕ್ಕಳು.

ಇವೆಲ್ಲದರ ಮೇಲೆ ಮೊಬೈಲು. ಅದರ ಬಗ್ಗೆ ಎಲ್ಲರೂ ಬೇಕಾದಷ್ಟು ಬೈದಾಗಿದೆ, ನಾನು ಸೇರಿಸುವುದು ಏನಿಲ್ಲ.

ನಿಮ್ಹಾನ್ಸ್ ಮುಂದೆ ನಿಂತು ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17ರ ವಯಸ್ಸಿನವರಲ್ಲಿ ಶೇ 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ ಎಂದು ಹೇಳಿತು. ಮಹಾನಗರಗಳಲ್ಲಿ ಈ ಪ್ರಮಾಣ ಶೇ 13.5, ಹಳ್ಳಿಗಳಲ್ಲಿ ಶೇ 6.9. ಹಳ್ಳಿಯೇ ವಾಸಿ ಎಂದು ಸಮಾಧಾನಪಡಬಹುದು. ನನಗೇಕೋ ಪೂರ್ತಿ ಸಮಾಧಾನವಿಲ್ಲ. ಹಳ್ಳಿಯ ಹುಡುಗ ‘ಮನಸ್ಸಿಗೆ ಕಷ್ಟವಾಗಿದೆ’ ಎಂದು ಹೇಳುವುದಿಲ್ಲ. ತಲೆನೋವು ಅನ್ನುತ್ತಾನೆ, ಊಟ ಬೇಡ ಅನ್ನುತ್ತಾನೆ, ಶಾಲೆಗೆ ಹೋಗುವ ಬಸ್ಸನ್ನು ಬೇಕೆಂದೇ ತಪ್ಪಿಸಿಕೊಳ್ಳುತ್ತಾನೆ. ಹುಡುಗಿಯಾದರೆ ದೇವರು ಮೈಮೇಲೆ ಬಂದಿದೆ ಎಂದು ಯಂತ್ರ ಕಟ್ಟಿಸುತ್ತಾರೆ. ಇವರು ಯಾವ ಸಮೀಕ್ಷೆಯ ಯಾವ ಕಾಲಮ್ಮಿಗೆ ಹೋಗುತ್ತಾರೋ.

ದೊಡ್ಡವರ ಹತ್ತಿರ ಇರುವ ಔಷಧಿ ಒಂದೇ: ಬುದ್ಧಿಮಾತು. ಧೈರ್ಯವಾಗಿರು, ಚೆನ್ನಾಗಿ ಓದ್ಕೊ, ಟೆನ್ಷನ್ ಮಾಡ್ಕೋಬೇಡ. ಸ್ವಲ್ಪ ಓದಿಕೊಂಡವರಾದರೆ ಮುಳಬಾಗಿಲಿನ ಡಿವಿಜಿ ಮೆಟ್ರಿಕ್ಕಿನಲ್ಲಿ ಪಾಸಾಗಲಿಲ್ಲ, ಆದರೂ ಎಂಥ ದೊಡ್ಡವರಾದರು ನೋಡು ಎನ್ನುತ್ತಾರೆ. ನಿಜವೇ. ಆದರೆ ನಿನ್ನೆ ಫೇಲಾದ ಹುಡುಗನಿಗೆ ಅದು ಸಮಾಧಾನ ಕೊಡುವುದಿಲ್ಲ, ಇನ್ನೊಂದು ಹೊರೆ ಹೊರಿಸುತ್ತದೆ. ಫೇಲಾದದ್ದೂ ಅಲ್ಲದೆ ಈಗ ಮಹಾಪುರುಷನೂ ಆಗಬೇಕಲ್ಲ!

ಬುದ್ಧಿಮಾತಿಗಿಂತ ಬೇರೆಯದು ಏನಿದೆ ಎಂದು ಹುಡುಕಿದವರಿದ್ದಾರೆ. ಬಿಹಾರದ ನಳಂದ ಜಿಲ್ಲೆಯ 74 ಸರ್ಕಾರಿ ಹೈಸ್ಕೂಲುಗಳಲ್ಲಿ ನಡೆದ ‘ಸೆಹೆರ್’ ಎಂಬ ಪ್ರಯೋಗದ ಫಲ 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಲಿ ಮಾಡಿದ್ದು ಭಾರಿ ಕೆಲಸವೇನಲ್ಲ. ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳ ಜೊತೆ ಮಾತು, ಮಕ್ಕಳೇ ಬರೆಯುವ ಗೋಡೆಪತ್ರಿಕೆ, ಹೇಳಿಕೊಳ್ಳಲಾಗದ್ದನ್ನು ಬರೆದು ಹಾಕಲು ಒಂದು ಪೆಟ್ಟಿಗೆ, ಬೇಕಾದವರಿಗೆ ಒಬ್ಬೊಬ್ಬರಾಗಿ ಆಪ್ತಮಾತು. ಕೆಲವು ಶಾಲೆಗಳಲ್ಲಿ ಇದನ್ನು ಮೇಷ್ಟ್ರುಗಳು ನಡೆಸಿದರು. ಕೆಲವು ಕಡೆ ಇದಕ್ಕೆಂದೇ ತರಬೇತಿ ಕೊಟ್ಟು ಕಳಿಸಿದ, ಮನೋವೈದ್ಯರೇನೂ ಅಲ್ಲದ ಸಾಮಾನ್ಯ ಸ್ಥಳೀಯರು ನಡೆಸಿದರು. ಎರಡನೆಯ ಬಗೆಯ ಶಾಲೆಗಳಲ್ಲಿ ಮಕ್ಕಳ ಖಿನ್ನತೆ, ಪರಸ್ಪರ ಹಿಂಸೆ ತಗ್ಗಿದವು, ಶಾಲೆಯೇ ಹಿತವೆನಿಸತೊಡಗಿತು. ಮೇಷ್ಟ್ರುಗಳು ನಡೆಸಿದ ಕಡೆ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಮೇಷ್ಟ್ರು ಕೆಟ್ಟವರೆಂದಲ್ಲ. ಅಂಕ ಕೊಡುವ ಕೈಗೆ ಅಳುವನ್ನು ಒಪ್ಪಿಸಲು ಮಕ್ಕಳು ಹಿಂಜರಿಯುತ್ತಾರೆ, ಅಷ್ಟೇ ಎಂದು ನನ್ನ ಊಹೆ. ಮನೆಯವರಲ್ಲದ, ಮೇಷ್ಟ್ರಲ್ಲದ, ಆದರೂ ನಮ್ಮವರೇ ಆದ ಒಬ್ಬ ಮೂರನೆಯ ಮನುಷ್ಯ ಈ ವಯಸ್ಸಿಗೆ ಬೇಕು.

ಹಿಂದೆ ಹಳ್ಳಿಯಲ್ಲಿ ಅಂಥವರು ತಾವಾಗಿಯೇ ಸಿಗುತ್ತಿದ್ದರೆಂದು ಹೇಳುವುದುಂಟು. ಸಿಗುತ್ತಿದ್ದರು, ಕೆಲವರಿಗೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಸದ್ಯಕ್ಕೆ, ಈ ವಯಸ್ಸಿಗೆ ಬೇಕಾದ ಇನ್ನೊಂದನ್ನು ಗಣೇಶನ ಹಬ್ಬದಲ್ಲಿ ನೋಡೋಣ. ಡಿಜೆ ಸದ್ದಿಗೆ ನಾನೂ ಕಿವಿ ಮುಚ್ಚಿಕೊಳ್ಳುವವನೇ. ಆದರೆ ಪೆಂಡಾಲಿನ ಹಿಂದೆ ಕೂತ ಹುಡುಗನ ಕೈಯಲ್ಲಿರುವ ಇನ್ನೂರು ಪುಟದ ನೋಟ್‌ಬುಕ್ಕನ್ನು ಒಮ್ಮೆ ತೆರೆದು ನೋಡಬೇಕು. ಎಡಗಡೆ ಚಂದಾ, ಬಲಗಡೆ ಖರ್ಚು. ಇಂಥವರಿಂದ ನೂರೊಂದು, ಇಂಥವರಿಂದ ಐನೂರು, ‘ನಾಳೆ ಕೊಡ್ತೀನಿ’ ಅಂದವರ ಹೆಸರಿನ ಮುಂದೆ ಒಂದು ಸೊನ್ನೆ. ತೆಂಗಿನಕಾಯಿ, ಕರ್ಪೂರ, ಟ್ರ್ಯಾಕ್ಟರಿನ ಡೀಸೆಲ್ಲು, ತಮಟೆಯವರ ಸಂಭಾವನೆ. ಕೊನೆಗೆ ಕೂಡಿ ಕಳೆದು ಉಳಿದ ಮುನ್ನೂರ ಇಪ್ಪತ್ತು ರೂಪಾಯಿಯನ್ನು ಏನು ಮಾಡುವುದೆಂದು ಒಂದು ಮೀಟಿಂಗು. ಗಣಿತದಲ್ಲಿ ಎರಡನೇ ಸಲ ಪರೀಕ್ಷೆ ಕಟ್ಟಿದ ಹುಡುಗನೇ ಈ ಲೆಕ್ಕ ಬರೆದಿರುತ್ತಾನೆ. ಒಂದು ಪೈಸೆ ಅತ್ತಿತ್ತ ಆಗಿರುವುದಿಲ್ಲ, ಹಾಗೇನಾದರೂ ಆದರೆ ಊರು ಬಿಡುವುದಿಲ್ಲವಲ್ಲ! ಆ ಹತ್ತು ದಿನ ಆತನಿಗೆ ತಲೆನೋವಿಲ್ಲ. ಯಾಕೆಂದರೆ ಆತ ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆ, ಆ ವಿಷಯ ಆತನಿಗೂ ಗೊತ್ತು, ಊರಿಗೂ ಗೊತ್ತು. ಹನ್ನೊಂದನೆಯ ದಿನ ಗಣೇಶನ ಜೊತೆ ಆ ಜವಾಬ್ದಾರಿಯನ್ನೂ ನೀರಿಗೆ ಬಿಡುತ್ತೇವೆ. ಅಲ್ಲೇ ನಾವು ಎಡವುವುದು.

ಮಕ್ಕಳನ್ನು ಸಮುದಾಯದ ಕೆಲಸದಲ್ಲಿ ತೊಡಗಿಸಬೇಕು ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಸಾಮಾನ್ಯವಾಗಿ ಅದರರ್ಥ ಕುರ್ಚಿ ಜೋಡಿಸುವುದು, ಗಣ್ಯರಿಗೆ ಹೂಗುಚ್ಛ ಹಿಡಿದು ನಿಲ್ಲುವುದು, ಬಿಸಿಲಲ್ಲಿ ಜಾಥಾ ಹೋಗುವುದು. ಇದರಿಂದ ಯಾವ ಮಗುವಿನ ಮನಸ್ಸೂ ಹಗುರಾಗುವುದಿಲ್ಲ. ಕೆಲಸದ ಜೊತೆಗೆ ಮಾತಿನ ಹಕ್ಕೂ ಬರಬೇಕು: ಹೀಗೆ ಬೇಡ, ಹಾಗೆ ಮಾಡೋಣ ಎನ್ನುವ ಹಕ್ಕು.

ಹುಡುಗಿಯರ ಕಥೆ ಬೇರೆ. ಅರಳಿಕಟ್ಟೆ ಗಂಡಸರದ್ದು. ಕ್ರಿಕೆಟ್ ಆಡುವ ಬಯಲು ಹುಡುಗರದ್ದು. ಗಣೇಶನ ಲೆಕ್ಕದ ಪುಸ್ತಕ ಹುಡುಗಿಯ ಕೈಗೆ ಬಂದದ್ದನ್ನು ನಾನು ಕಂಡಿಲ್ಲ. ಡೇರಿಯಿಂದ ಮನೆಗೆ, ಮನೆಯಿಂದ ಬಸ್‌ಸ್ಟಾಪಿಗೆ, ಅಲ್ಲಿಂದ ಮನೆಗೆ. ಹತ್ತನೆಯದು ಮುಗಿಯುತ್ತಿದ್ದಂತೆ ಸಂಬಂಧದ ಮಾತು ತೇಲಿಬರುತ್ತದೆ. ಹೀಗಿರುವಾಗ ‘ಎಲ್ಲಿಗೆ ಹೋಗ್ತೀಯ?’ ಎಂದು ಕೇಳಿದರೆ ಹೆದರದೆ ಹೇಳಬಹುದಾದ ಒಂದು ಜಾಗ ಸಿಕ್ಕಿರುವುದು ಪಂಚಾಯಿತಿ ಗ್ರಂಥಾಲಯದಲ್ಲಿ. ಕೋವಿಡ್ಡಿನಿಂದ ಶಾಲೆ ಮುಚ್ಚಿದ್ದಾಗ, 2020ರ ನವೆಂಬರ್ 14ರಂದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ‘ಓದುವ ಬೆಳಕು’ ಆರಂಭಿಸಿ 6ರಿಂದ 18 ವರ್ಷದ ಮಕ್ಕಳಿಗೆ ಈ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ಕೊಟ್ಟಿತು. ಈಗ ಅವುಗಳನ್ನು ಅರಿವು ಕೇಂದ್ರ ಎಂದು ಕರೆಯುತ್ತಾರೆ. ಎಲ್ಲ ಕಡೆ ಚೆನ್ನಾಗಿ ನಡೆಯುತ್ತಿವೆ ಎಂದು ಹೇಳಲಾರೆ, ಬೀಗ ಕಾಣುವ ಊರುಗಳೂ ಇವೆ. ಆದರೆ ತೆರೆದಿರುವ ಕಡೆ ಮಧ್ಯಾಹ್ನದ ಮೇಲೆ ಹೋಗಿ ನೋಡಿದರೆ ಎರಡು ಜಡೆಯ ಹುಡುಗಿಯರು ಕೇರಂ ಬೋರ್ಡಿನ ಸುತ್ತ ಕೂತು ಜೋರಾಗಿ ನಗುತ್ತಿರುತ್ತಾರೆ. ಊರ ಮಧ್ಯದಲ್ಲಿ, ನಾಲ್ಕು ಜನಕ್ಕೆ ಕೇಳುವ ಹಾಗೆ ಹುಡುಗಿಯರು ನಗಬಹುದಾದ ಸರ್ಕಾರಿ ಕಟ್ಟಡ ಇನ್ನೊಂದು ಇದ್ದರೆ ಹೇಳಿ. ಗ್ರಂಥಪಾಲಕರೇ ಆ ಮೂರನೆಯ ಮನುಷ್ಯರಾಗಬಹುದು, ಕೆಲವು ಕಡೆ ಆಗಿದ್ದಾರೆ ಕೂಡ. ಚಿಕ್ಕ ಮಕ್ಕಳಿಗೆ ಕಥೆ ಓದಿ ಹೇಳುವ ಕೆಲಸವನ್ನು ಅವರು ದೊಡ್ಡ ಹುಡುಗಿಯರಿಗೆ ವಹಿಸಿದರೆ, ತಾನು ದಡ್ಡಿ ಎಂದು ನಂಬಿಕೊಂಡವಳು ಆರು ವರ್ಷದ ಐದಾರು ಮಕ್ಕಳ ಕಣ್ಣಲ್ಲಿ ಪಂಡಿತೆಯಾಗುತ್ತಾಳೆ.

ಊರಲ್ಲಿ ಸೇರಿಕೊಳ್ಳುವುದು ಎಂದ ಕೂಡಲೇ ಕೇಳಬೇಕಾದ ಪ್ರಶ್ನೆಯನ್ನು ಇಷ್ಟು ಹೊತ್ತು ಮುಂದಕ್ಕೆ ತಳ್ಳಿದೆ. ಯಾವ ಊರು? ಯಾರ ಊರು? 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಗ್ರಾಮದೇವತೆಯ ಮೆರವಣಿಗೆ ನಡೆದಿತ್ತು. ದೇವರಿಗೆ ಸೇರಿದ ಕೋಲನ್ನು ದಲಿತ ಹುಡುಗನೊಬ್ಬ ಮುಟ್ಟಿದ. ವಯಸ್ಸು ಹದಿನೈದು. ಆ ಕುಟುಂಬಕ್ಕೆ ಊರಿನವರು ಹಾಕಿದ ದಂಡ 60,000 ರೂಪಾಯಿ. ಸುದ್ದಿ ಹೊರಬಂದ ಮೇಲೆ ಮೊಕದ್ದಮೆಯಾಯಿತು, ಅಧಿಕಾರಿಗಳು ಬಂದರು, ಕುಟುಂಬವನ್ನು ದೇವಸ್ಥಾನದೊಳಗೆ ಕರೆದುಕೊಂಡು ಹೋದರು. ಆ ಮನೆಯ ಗೋಡೆಗೆ ಅಂಬೇಡ್ಕರ್ ಪಟ ಬಂತು.

ಎಲ್ಲ ಹುಡುಗರಂತೆ ಆತನೂ ಉತ್ಸವದ ಹತ್ತಿರ ಹೋದ, ಕೈ ಚಾಚಿದ. ಮನಶ್ಶಾಸ್ತ್ರದವರು ಮಾಡಬೇಕೆನ್ನುವುದನ್ನೇ ಮಾಡಿದ: ತೊಡಗಿಕೊಂಡ. ಅದಕ್ಕೆ ಬೆಲೆ ಕಟ್ಟಿ ರಸೀದಿ ಕೊಟ್ಟವರ ನಡುವೆಯೇ ಬೆಳೆಯಬೇಕಾದ ಮಕ್ಕಳಿಗೆ ‘ಊರಿನ ಜೊತೆ ಬೆರೆ, ಮನಸ್ಸು ಹಗುರಾಗುತ್ತದೆ’ ಎಂದು ಹೇಳಲು ನಮಗೆ ಯಾವ ಮುಖವಿದೆ? ಒತ್ತಡವನ್ನು ಮಗುವಿನ ಒಳಗೆ ಹುಡುಕುವುದು ನಮಗೆ ಅಭ್ಯಾಸವಾಗಿದೆ. ಉಸಿರಾಟದ ವ್ಯಾಯಾಮ ಹೇಳಿಕೊಡುತ್ತೇವೆ. ಉಸಿರು ಕಟ್ಟಿಸಿದವರು ಯಾರೆಂದು ಕೇಳುವುದಿಲ್ಲ.

ಇದೇ ಜಿಲ್ಲೆಯಲ್ಲಿ ಬೇರೆ ಬಗೆಯ ಊರೊಂದನ್ನು ಕಟ್ಟಲು ಹೊರಟವರೂ ಇದ್ದಾರೆ ಎಂಬುದು ಸಣ್ಣ ಮಾತಲ್ಲ. ಕೋಲಾರ ಪೇಟೆಯ ಮೇಲೆ, ಅಂತರಗಂಗೆಯ ಸಾಲಿನ ತೇರಹಳ್ಳಿ ಬೆಟ್ಟದಲ್ಲಿ ‘ಆದಿಮ’ ಇದೆ. ದಲಿತ ಚಳವಳಿಯಿಂದ ಬಂದ ಕವಿ, ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಬಂಡೆಗಳ ನಡುವೆ ಕಟ್ಟಿದ ಸಾಂಸ್ಕೃತಿಕ ಕೇಂದ್ರ. ಅಲ್ಲಿ ಹುಣ್ಣಿಮೆಯ ರಾತ್ರಿ ‘ಹುಣ್ಣಿಮೆ ಹಾಡು’ ಎಂಬ ಹೆಸರಿನಲ್ಲಿ ಹಾಡು, ನಾಟಕ ನಡೆಸಿಕೊಂಡು ಬಂದಿದ್ದಾರೆ. ಸುತ್ತಲ ಹಳ್ಳಿಯವರು ಬೆಟ್ಟ ಹತ್ತಿ ಬರುತ್ತಾರೆ. ನಾಟಕದಲ್ಲಿ ಒಂದು ಗುಣವಿದೆ: ಅದಕ್ಕೆ ಎಲ್ಲ ಬಗೆಯ ಮಕ್ಕಳೂ ಬೇಕು. ಗಟ್ಟಿ ದನಿಯವನು ಬೇಕು, ಮಾತೇ ಆಡದ ಹುಡುಗಿ ಬೇಕು, ಸುಮ್ಮನೆ ಕೂರಲಾರದವನು ಬೇಕೇ ಬೇಕು. ಪಾತ್ರ ಸಿಗದವನಿಗೆ ದೀಪದ ಕೆಲಸ. ಎಲ್ಲಕ್ಕಿಂತ ಹೆಚ್ಚಾಗಿ, ಅಲ್ಲಿ ಸಿಟ್ಟು ಮಾಡಬಹುದು. ಮನೆಯಲ್ಲಿ ಅಪ್ಪನೆದುರು, ಶಾಲೆಯಲ್ಲಿ ಮೇಷ್ಟ್ರೆದುರು, ಊರಲ್ಲಿ ಗೌಡರೆದುರು ನುಂಗಿಕೊಂಡ ಸಿಟ್ಟನ್ನು ಪಾತ್ರದ ಬಾಯಲ್ಲಿ ಹೇಳಿದರೆ ಜನ ಚಪ್ಪಾಳೆ ತಟ್ಟುತ್ತಾರೆ.

ತಮಟೆಯ ಮಾತನ್ನೂ ಇಲ್ಲಿ ಹೇಳಬೇಕು. 2023ರಲ್ಲಿ ಪದ್ಮಶ್ರೀಗೆ ಆಯ್ಕೆಯಾದ ನಾಡೋಜ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರು ಚಿಕ್ಕಬಳ್ಳಾಪುರ ಕಡೆಯವರು, 2007ರವರೆಗೂ ನಮ್ಮದೇ ಜಿಲ್ಲೆಯ ಭಾಗ ಅದು. ಸಾವಿನ ಮನೆಯ ಮುಂದೆ, ಜಾತ್ರೆಯ ಅಂಚಿನಲ್ಲಿ ನಿಂತು ಬಾರಿಸಬೇಕಾಗಿದ್ದ ವಾದ್ಯ ರಾಷ್ಟ್ರಪತಿ ಭವನದವರೆಗೆ ಹೋಯಿತು. ಈಗ ಶಾಲಾ ವಾರ್ಷಿಕೋತ್ಸವಗಳಲ್ಲಿ ಎಲ್ಲ ಜಾತಿಯ ಹುಡುಗ ಹುಡುಗಿಯರೂ ತಮಟೆ ಕಟ್ಟಿಕೊಂಡು ಕುಣಿಯುವುದನ್ನು ನೋಡುತ್ತೇವೆ. ಬೆವರಿಳಿಯುವಂತೆ ಅರ್ಧ ಗಂಟೆ ತಮಟೆ ಬಾರಿಸಿ ಕೆಳಗಿಟ್ಟ ಹುಡುಗಿಯ ಮುಖದ ನಿರಾಳವನ್ನು ಯಾವ ಬುದ್ಧಿಮಾತೂ ತಂದುಕೊಡಲಾರದು.

ಕೆರೆಯ ಬಗ್ಗೆ ಒಂದು ಮಾತು. ಇವತ್ತಿನ ಹದಿನಾರರ ಮಕ್ಕಳು ಹುಟ್ಟುವಾಗ ಕೋಲಾರದ ಬಹುತೇಕ ಕೆರೆಗಳಲ್ಲಿ ಜಾಲಿ ಬೆಳೆದಿತ್ತು. 2018ರ ಜೂನಿನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ ಪೈಪಿನಲ್ಲಿ ಕಳಿಸಿದ ನೀರು, ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು, ಆಮೇಲೆ ಒಂದೊಂದೇ ಕೆರೆ ತುಂಬುತ್ತಾ ಬಂತು. ನೀರಿನ ಗುಣಮಟ್ಟದ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ, ಮುಗಿಯಬಾರದು ಕೂಡ. ಆದರೆ ಕೆರೆ ಎಂದರೆ ಕ್ರಿಕೆಟ್ ಆಡುವ ಜಾಗ ಎಂದುಕೊಂಡಿದ್ದ ಮಕ್ಕಳು ಅಲೆ ನೋಡಿದರು. ಅವರಿಗೆ ನಾವು ಕೆರೆಯ ಬಗ್ಗೆ ಹೇಳುವುದು ಒಂದೇ ವಾಕ್ಯ: ‘ಇಳೀಬೇಡ’. ಅದನ್ನು ಹೇಳಲೇಬೇಕು, ಸರಿ. ಅದರ ಮುಂದೆ? ತೂಬು ಎಲ್ಲಿದೆ, ಕೋಡಿ ಯಾವ ಕಡೆ ಹರಿಯುತ್ತದೆ, ನೀರುಗಂಟಿ ಯಾರಿಗೆ ಎಷ್ಟು ನೀರು ಬಿಡುತ್ತಿದ್ದ ಎಂದು ಹೇಳಬಲ್ಲ ಎಂಬತ್ತರ ಅಜ್ಜಂದಿರು ಇನ್ನೂ ಒಬ್ಬಿಬ್ಬರು ಉಳಿದಿದ್ದಾರೆ. ಅವರ ಮಾತು ಕೇಳಲು ಯಾರಿಗೂ ಪುರುಸೊತ್ತಿಲ್ಲ. ಮಕ್ಕಳ ಮಾತು ಕೇಳಲೂ ಯಾರಿಗೂ ಪುರುಸೊತ್ತಿಲ್ಲ. ಈ ಇಬ್ಬರನ್ನೂ ಒಂದು ಭಾನುವಾರ ಕೆರೆಯ ಏರಿಯ ಮೇಲೆ ಕೂರಿಸಿ, ನಕ್ಷೆ ಬರೆಯುವ ಕೆಲಸ ಹಚ್ಚುವುದಕ್ಕೆ ಯಾವ ಅನುದಾನವೂ ಬೇಡ. ಬಾವಿ, ಬೋರ್‌ವೆಲ್ಲುಗಳ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಅಳೆದು ಪಂಚಾಯಿತಿ ಗೋಡೆಯ ಮೇಲೆ ಬರೆಯುವುದನ್ನು ಪಿಯುಸಿ ಹುಡುಗರಿಗೇ ಬಿಡಬಹುದು. ಅಪ್ಪನ ಬೋರ್‌ವೆಲ್ ಯಾಕೆ ಬತ್ತಿತು ಎಂಬುದು ಹಣೆಬರಹದ ಮಾತಾಗಿ ಉಳಿದರೆ ಮಗನನ್ನು ಕೊರೆಯುತ್ತದೆ. ಲೆಕ್ಕದ ಮಾತಾದರೆ ಅದರ ಜೊತೆ ಗುದ್ದಾಡಬಹುದು.

ಇಷ್ಟೆಲ್ಲ ಹೇಳಿ ಒಂದು ಗೆರೆ ಎಳೆಯಲೇಬೇಕು. ರಾತ್ರಿಯಿಡೀ ನಿದ್ದೆ ಬಾರದ, ಊಟ ಬಿಟ್ಟ, ಸಾಯುವ ಮಾತಾಡುವ ಮಗುವನ್ನು ನಾಟಕಕ್ಕೆ ಸೇರಿಸಿ ಸುಮ್ಮನಿರುವಂತಿಲ್ಲ. ಆಗ ವೈದ್ಯರು ಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್‌ಗಳಿವೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿಮಾನಸ್‌ನ ಸಂಖ್ಯೆ 14416, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮದುವೆಗೆ ಒತ್ತಾಯಿಸಿದರೆ, ಹೊಡೆತ ಬಡಿತವಾದರೆ 1098. ಈ ಎರಡು ಸಂಖ್ಯೆಗಳು ಡೇರಿಯ ಗೋಡೆಯ ಮೇಲೆ, ಫ್ಯಾಟಿನ ದರಪಟ್ಟಿಯ ಪಕ್ಕದಲ್ಲಿ ಇರಬೇಕು. ಯಾರೂ ನೋಡದ ನೋಟಿಸ್ ಬೋರ್ಡಿನಲ್ಲಲ್ಲ.

ಕೊನೆಗೆ ಮಕ್ಕಳ ಗ್ರಾಮ ಸಭೆ. ವರ್ಷಕ್ಕೊಮ್ಮೆ, ನವೆಂಬರ್ ಆಸುಪಾಸಿನಿಂದ, ಪ್ರತಿ ಪಂಚಾಯಿತಿಯೂ ನಡೆಸಬೇಕಾದ ಸಭೆ ಅದು. ನಡೆಯುತ್ತದೆ. ಶಾಮಿಯಾನ ಬರುತ್ತದೆ, ದೀಪ ಬೆಳಗುತ್ತಾರೆ, ಸ್ವಾಗತ ಭಾಷಣಕ್ಕೇ ಮುಕ್ಕಾಲು ಗಂಟೆ ಹೋಗುತ್ತದೆ. ಮಕ್ಕಳು ಎದ್ದು ನಿಂತು ಕೇಳುತ್ತಾರೆ: ಶೌಚಾಲಯಕ್ಕೆ ನೀರಿಲ್ಲ, ಬಸ್‌ಸ್ಟಾಪಿನಲ್ಲಿ ದೀಪವಿಲ್ಲ, ಶಾಲೆಯ ಹತ್ತಿರ ಮದ್ಯದ ಪ್ಯಾಕೆಟ್ಟುಗಳು ಬಿದ್ದಿರುತ್ತವೆ, ಸಂಜೆಯ ಬಸ್ಸು ಬರುವುದೇ ಇಲ್ಲ. ‘ಪರಿಶೀಲಿಸಲಾಗುವುದು’ ಎಂದು ಬರೆದುಕೊಳ್ಳುತ್ತಾರೆ. ಬಿಸ್ಕತ್ತು ಹಂಚುತ್ತಾರೆ. ಮುಂದಿನ ಸಲ ಹುತ್ತೂರು ಸೀಮೆಯ ಒಂದು ಪಂಚಾಯಿತಿಯಾದರೂ ಸ್ವಾಗತ ಭಾಷಣ ಬಿಟ್ಟು, ಕಳೆದ ವರ್ಷದ ನಡಾವಳಿ ಪುಸ್ತಕವನ್ನು ಮೊದಲು ಮಕ್ಕಳ ಕೈಗೆ ಕೊಡಲಿ. ಯಾವ ಪ್ರಶ್ನೆಗೆ ಕೆಲಸವಾಯಿತು, ಯಾವುದಕ್ಕೆ ಆಗಲಿಲ್ಲ ಎಂದು ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಮೈಕಿನಲ್ಲಿ ಒಂದೊಂದಾಗಿ ಓದಲಿ. ಪಿಡಿಒ, ಅಧ್ಯಕ್ಷರು ಎದುರಿನ ಸಾಲಿನಲ್ಲಿ ಕೂತು ಕೇಳಿಸಿಕೊಳ್ಳಲಿ. ಬಿಸ್ಕತ್ತನ್ನು ಆಮೇಲೆ ಹಂಚಿದರಾಯಿತು.